ಏಳನೆಯ ಲಕೋಟೆ

ಗ್ರಿಮ್ಸ್‌ಬಿ ಕೋರ್ಟಿನ ಕಾರಿಡಾರಿನಲ್ಲಿ
ನನ್ನದೊಂದು ಮಡಚುವ ಮೇಜು, ಎರಡು ಕುರ್ಚಿ.
ಮನೆ ಕಳೆದುಕೊಳ್ಳಲಿರುವವರಿಗೆ
ತಲಾ ಹದಿನೈದು ನಿಮಿಷ, ಪುಕ್ಕಟೆ.
ಇವತ್ತಿನ ಪಟ್ಟಿಯಲ್ಲಿ ಒಂಬತ್ತು ಹೆಸರು.
ಬಂದವರು ನಾಲ್ವರು.
ಉಳಿದ ಐವರು ಪರದೆ ಎಳೆದುಕೊಂಡು ಕೂತಿರುತ್ತಾರೆ,
ಇನ್ನೂ ತಮ್ಮದೇ ಆಗಿರುವ ಕತ್ತಲಲ್ಲಿ.

ರಾತ್ರಿಪಾಳಿ ಮುಗಿಸಿ
ಮೀನು ಕಾರ್ಖಾನೆಯಿಂದ ನೇರ ಬಂದವಳು ಜೆನೀನ್ ಬ್ಲಾಂಚರ್ಡ್.
ತಲೆ ಮೇಲಿನ್ನೂ ನೀಲಿ ಬಲೆಟೋಪಿ.
ಬ್ರೆಡ್ಡಿನ ಖಾಲಿ ಚೀಲದ ತುಂಬ ಕಾಗದ,
ಒಂದನ್ನೂ ಒಡೆದಿಲ್ಲ.
"ಒಡೆಯೋ ತನಕ ನಿಜ ಆಗಲ್ಲ ಅಂದ್ಕೊಂಡೆ"
ಅಂದು ನಕ್ಕಳು. ನಗು ಅರ್ಧಕ್ಕೇ ನಿಂತಿತು.

ನಾನು ಬೈಯಲಿಲ್ಲ.
ನನ್ನ ಅಡಿಗೆಮನೆಯ ಡ್ರಾಯರಿನಲ್ಲೂ ಇದೆ
ಆಸ್ಪತ್ರೆಯದೊಂದು ಲಕೋಟೆ, ಮಾರ್ಚಿನಿಂದ.

ಪೆನ್ನಿನ ತುದಿಯಲ್ಲಿ ಸೀಳುತ್ತ ಹೋದೆ.
ಬಾಡಿಗೆ ಬಾಕಿ. ಬಾಕಿ. ಹಲ್ಲಿನ ಡಾಕ್ಟರದು.
ಬಾಕಿ, ಈ ಸಲ ಕೆಂಪಕ್ಷರದಲ್ಲಿ.
ಯಾರದೋ ಪಿಜ್ಜಾ ಅಂಗಡಿ. ಮತ್ತೆ ಬಾಕಿ.
ಏಳನೆಯದರಲ್ಲಿ ಸಿಕ್ಕಿತು:
ಭತ್ಯೆ ಕಚೇರಿ ಒಪ್ಪಿಕೊಂಡಿದೆ ತಪ್ಪು ತನ್ನದೆಂದು,
ಹನ್ನೊಂದು ವಾರದ ಹಣ
ಅವಳ ಒಂದು ಸಹಿಗಾಗಿ ಕಾದಿದೆ.
ಫೆಬ್ರುವರಿಯಿಂದ ಆ ಓಲೆ ಚೀಲದೊಳಗಿತ್ತು,
ಚೀಲ ಮಂಚದ ಕೆಳಗಿತ್ತು,
ಮಂಚದ ಮೇಲೆ ಅವಳು, ಎಚ್ಚರವಾಗಿ.

ಒಳಗೆ ಜಡ್ಜಿಗೆ ನೆಗಡಿ.
ಮಾಲೀಕನ ವಕೀಲ ಫೋನಿನಿಂದ ಕಣ್ಣೆತ್ತದೆ
"ತಕರಾರಿಲ್ಲ" ಅಂದ.
ಒಟ್ಟು ಆರು ನಿಮಿಷ.
ಉಳಿದ ಬಾಕಿಗೆ ವಾರಕ್ಕೆ ಐದು ಪೌಂಡು,
ಅದು ತಪ್ಪದಿರುವ ತನಕ ಬೀಗಕ್ಕೆ ಕೈ ಹಾಕುವಂತಿಲ್ಲ.

ಬೀಸುವ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸಂತೆ.
ಈ ಕಾರಿಡಾರಿನ ಲೆಕ್ಕ ಬೇರೆ:
ಒಂದು ಶುಕ್ರವಾರದಿಂದ ಇನ್ನೊಂದು ಶುಕ್ರವಾರ.

ಮೆಟ್ಟಿಲ ಬಳಿ ಅವಳು ತಿರುಗಿ ನಿಂತಳು.
"ಹಾಗಾದ್ರೆ ಗೋಡೆಗೊಂದು ಮೊಳೆ ಹೊಡೀಬಹುದಾ?
ಕನ್ನಡಿ ಎರಡು ವರ್ಷದಿಂದ ನೆಲದ ಮೇಲೇ ಇದೆ,
ಬರೀ ಮೊಣಕಾಲು ಕಾಣುತ್ತೆ."
ಕರಾರುಪತ್ರದ ಒಂಬತ್ತನೇ ಕಲಮಿನ ಪ್ರಕಾರ
ಹೊಡೆಯಕೂಡದು.
"ಚಿಕ್ಕದು ಹೊಡಿ" ಅಂದೆ.

ಮೇಜು ಮಡಚುವ ಮುಂಚೆ
ಬಾರದ ಐವರ ನಂಬರು ಒಂದೊಂದಾಗಿ ಒತ್ತುತ್ತೇನೆ.
ರಿಂಗಾಗುತ್ತದೆ.
ಯಾವುದೋ ಸೋಫಾದ ಮೇಲೆ, ಬೋರಲಾಗಿ,
ನಡುಗುತ್ತಿರಬೇಕು ಆ ಫೋನು.
ಎತ್ತಿ.
ಸಾಲದವರಲ್ಲ, ಮಾರಾಯರೇ,
ಇದು ನಾನು.