ಗುರುವಾರದ ಕೋಣೆ

ಶಿಡ್ಲಘಟ್ಟದ ತಾಲ್ಲೂಕು ಆಸ್ಪತ್ರೆಯಲ್ಲಿ
ನನ್ನದೆನ್ನುವ ಕೋಣೆ ಗುರುವಾರ ಮಾತ್ರ.
ಉಳಿದ ದಿನ ಅದು ಲಸಿಕೆಯದು.
ಮೂಲೆಯ ಫ್ರಿಜ್ಜು ಆಗಾಗ ಗುರ್ರೆಂದು
ನಾವು ಆಡದ ಮಾತು ತಾನೇ ಆಡಿ
ಸುಮ್ಮನಾಗುತ್ತದೆ.

ಜರೀನ್ ತಾಜ್, ಹದಿಮೂರು, ಎಂಟನೇ ಕ್ಲಾಸು.
ದುಪಟ್ಟಾ ಹುಬ್ಬಿನವರೆಗೆ. ತೋಳಿಗೆ ತಾಯಿತ.
"ಗಾಳಿ ಅಂದ್ರು, ದರ್ಗಾಕ್ಕೆ ಹೋಗಿಬಂದ್ವಿ,
ಎಣ್ಣೆ, ಬೈಗುಳ, ಒಂದೆರಡು ಏಟು, ಎಲ್ಲ ಆಯ್ತು"
ಅಂದಳು ತಾಯಿ. ಬಿಸಿನೀರಲ್ಲಿ ಬೆಂದ ಬೆರಳತುದಿ
ಬೆಳ್ಳಗೆ, ಸುಕ್ಕು ಸುಕ್ಕು.
ಬುರ್ಖಾದೊಳಗಿಂದಲೂ ಗೂಡು ಬೆಂದ ವಾಸನೆ.

ಹುಡುಗಿ ದುಪಟ್ಟಾ ಸರಿಸಿದಳು, ನಾನು ಕೇಳದೆಯೇ:
ನೆತ್ತಿಯ ಮೇಲೆ ಅಂಗೈಯಗಲ ಬಯಲು.
ಒಂದೊಂದೇ ಕಿತ್ತದ್ದು. ರಾತ್ರಿ. ಲೆಕ್ಕವಿಟ್ಟು.

ಮೂರು ಗುರುವಾರ ಹಾವು ಏಣಿ ಆಡಿದೆವು.
ಏಣಿ ಹತ್ತುವಾಗ ಅವಳು ನಗಲಿಲ್ಲ.
ಹಾವು ನುಂಗಿದಾಗ ಮಾತ್ರ
"ಗೊತ್ತಿತ್ತು" ಅಂದಳು.
ನಾನು ಫಾರಮ್ಮಿನಲ್ಲಿ ಬರೆದೆ: ಸಹಕರಿಸುತ್ತಾಳೆ.

ನಾಲ್ಕನೆಯದಕ್ಕೆ, ಚಿಕ್ಕಬಳ್ಳಾಪುರದ ಬಸ್ಸಿನಲ್ಲಿ
ಹಿಪ್ಪುನೇರಳೆ ಸಾಲು ನೋಡುತ್ತ
ಒಂದು ಹೋಲಿಕೆ ಹೊಂದಿಸಿಕೊಂಡು ಬಂದಿದ್ದೆ:
"ಮನಸ್ಸೂ ಗೂಡಿನ ಹಾಗೇ, ಜರೀನ್.
ಎಳೆಯ ತುದಿ ಸಿಕ್ಕರೆ ಸಾಕು,
ಮೆಲ್ಲಗೆ ಎಳೆದರೆ ಪೂರಾ ಬಿಚ್ಚಿಕೊಳ್ಳುತ್ತೆ."

ಮೊದಲ ಸಲ ನನ್ನನ್ನೇ ನೋಡಿದಳು.
"ಅದಕ್ಕೆ ಮೊದಲು ಕುದಿಸ್ತಾರೆ, ಮಿಸ್.
ಒಳಗಿನ ಹುಳ ಸಾಯುತ್ತೆ."

ಫ್ರಿಜ್ಜು ಗುರ್ರೆಂದಿತು.
ತರಬೇತಿಯಲ್ಲಿ ಕಲಿಸಿದ ಯಾವ ವಾಕ್ಯವೂ
ಬಾಯಿಗೆ ಬರಲಿಲ್ಲ.
"ಹೌದಲ್ಲ" ಅಂದೆ.

ಆ ಹೌದಲ್ಲದಲ್ಲಿ ಏನಿತ್ತೋ, ಶುರು ಮಾಡಿದಳು:
"ಆಪಾ ಜಡೆ ಹಾಕ್ತಿದ್ಲು ದಿನಾ ರಾತ್ರಿ.
ಅವಳನ್ನ ರಾಮನಗರಕ್ಕೆ ಕೊಟ್ರು, ಹತ್ತನೇ ಕ್ಲಾಸೂ ಮುಗಿಸ್ಲಿಲ್ಲ.
ಮುಂದಿನ ಸರದಿ ಯಾರದು ಅಂತ ಯಾರೂ ಹೇಳಲ್ಲ.
ಆದ್ರೆ ಮನೆಗೆ ಬಂದ ಹೆಂಗಸರೆಲ್ಲ
ನನ್ನ ಜಡೆ ಕೈಯಲ್ಲಿ ಹಿಡಿದು ನೋಡ್ತಾರೆ.
ಎಷ್ಟುದ್ದ, ಎಷ್ಟು ದಪ್ಪ ಅಂತಾರೆ."

ಅಮ್ಮಿಗೆ ಹೇಳಲೇ? ಕೇಳಿದೆ.
ಬಹಳ ಹೊತ್ತು ದಾಳ ಉರುಳಿಸಿದಳು, ಆಡದೆ, ಸುಮ್ಮನೆ.
"ಅಮ್ಮಿಗೆ ಮಾತ್ರ."

ತಾಯಿ ಎಲ್ಲ ಕೇಳಿಸಿಕೊಂಡಳು.
ತನ್ನ ಬೆರಳುಗಳನ್ನೇ ನೋಡುತ್ತ
"ನಂದು ಹದಿನಾಲ್ಕಕ್ಕೆ" ಅಂದಳು.
ಮತ್ತೆ, ಬಾಗಿಲ ಹತ್ತಿರ ನಿಂತು,
"ಅವರ ಅಬ್ಬಾ ಹತ್ರ ನಾನು ಮಾತಾಡ್ತೀನಿ."
ಮಾತಾಡಿದಳೋ ಇಲ್ಲವೋ, ಇನ್ನೂ ತಿಳಿದಿಲ್ಲ.
ನಂಬರು ಬರೆದುಕೊಟ್ಟಿದ್ದೇನೆ, ಮಗಳ ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ,
ಮಗ್ಗಿಯ ಕೆಳಗೆ.

ನಿನ್ನೆ ಬೆಂಕಿಪೊಟ್ಟಣ ತಂದಳು.
ಅದರಲ್ಲೇ ಕೂದಲು ಕೂಡಿಡುತ್ತಿದ್ದಳೆಂದು ಗೊತ್ತು,
ತೆರೆಯಲು ನನಗೆ ಧೈರ್ಯ ಬರಲಿಲ್ಲ. ತಾನೇ ತೆರೆದಳು:
ಒಂದು ಗೂಡು. ತುದಿಗೆ ತೂತು.

"ಚಿಟ್ಟೆ ಹೋಗಿಬಿಟ್ಟಿದೆ. ಇದರಲ್ಲಿ ಎಳೆ ಬರಲ್ಲ.
ಮಾರ್ಕೆಟ್ಟಲ್ಲಿ ಯಾರೂ ತಗೊಳಲ್ಲ."

ಮತ್ತೊಂದು ಹೋಲಿಕೆ ನಾಲಿಗೆ ತುದಿಗೆ ಬಂದಿತ್ತು.
ನುಂಗಿಕೊಂಡೆ.
ಸ್ಟೇಪ್ಲರ್ ಪಕ್ಕ ಗೂಡಿಟ್ಟು ಆಟ ಹಾಕಿದೆವು.

ನೆತ್ತಿಯ ಬಯಲು ಹಾಗೇ ಇದೆ.
ಅಂಚಿನಲ್ಲಿ ಕರ್ರಗೆ, ಸಣ್ಣಗೆ, ಏನೋ ಒಂದು.
ಇದ್ದರೂ ಇರಬಹುದು;
ಈ ಟ್ಯೂಬ್‌ಲೈಟನ್ನು ನಂಬುವ ಹಾಗಿಲ್ಲ.