ಊದಿ ನೋಡು

ಭಾನುವಾರ ಏಳೂವರೆಗೆ ಕುಂಬಳೆ ಪೇಟೆಯಲ್ಲಿ
ಜೆರಾಲ್ಡನ ಓಮ್ನಿ. ಹಿಂದಿನ ಸೀಟು ಕಳಚಿಟ್ಟು ಬಂದಿದ್ದಾನೆ,
ಸಿಗುವ ಮೊದಲೇ ಜಾಗ ಮಾಡಿಡುವುದು ಅವನ ಜಾಯಮಾನ.
ತ್ವಾಹಾ ಸ್ಕ್ರೂಡ್ರೈವರನ್ನು ಪೆನ್ನಿನ ಹಾಗೆ ಕಿಸೆಗೆ ಸಿಕ್ಕಿಸಿದ್ದಾನೆ.
ಶಶಿಪ್ರಭಾಳ ಚೀಲದಲ್ಲಿ ಹತ್ತಿ, ಸ್ಪಿರಿಟ್ಟು, ಸವೆದ ಬ್ರಷ್ಷು.
ನರ್ಸು ಅವಳು, ರಜೆಯಲ್ಲೂ ಅದೇ ಸಾಮಾನು.
ನನ್ನ ಹತ್ತಿರ ಚಿಲ್ಲರೆ, ಮತ್ತೆ ಚೌಕಾಸಿಯ ನಾಲಗೆ:
ಮಲಯಾಳದಲ್ಲಿ ಶುರು, ತುಳುವಿನಲ್ಲಿ ಪಟ್ಟು,
ಕನ್ನಡದಲ್ಲಿ ಸೋಲು.

ಎಂತ ಹುಡುಕುವುದು ಎಂದವರಿಗೆ ಹೇಳುವುದೇ ಕಷ್ಟ.
ಟೀವಿ ಗೇಮು ಎಂದರೆ ಉಪ್ಪಳದ ಗುಜರಿಯವನು
ರಿಮೋಟುಗಳ ಗೋಣಿ ಸುರಿಯುತ್ತಾನೆ.
ಅದಲ್ಲ ಮಾರಾಯ, ಬೆನ್ನಿಗೆ ಬಾಲ,
ತಲೆಯ ಮೇಲೆ ಬಾಯಿ, ಬಾಯಿಗೆ ಕ್ಯಾಸೆಟ್ಟು.
ಒಗಟು ಬಿಡಿಸಿದವನ ನಗೆ ನಕ್ಕು, ಒಳಗೆ ಹೋಗಿ
ಟೋಸ್ಟರು ತರುತ್ತಾನೆ.

ಬಂದ್ಯೋಡಿನಲ್ಲಿ ಒಮ್ಮೆ ಬರೀ ಪೆಟ್ಟಿಗೆ ಸಿಕ್ಕಿತ್ತು.
ಒಳಗೆ ಯಾರದೋ ಮದುವೆಯ ಕಾಗದಗಳು,
ಹಂಚದೆ ಉಳಿದವು.

ಈಗ ಹೆದ್ದಾರಿ ಅಗಲವಾಗುತ್ತಿದೆ.
ಮೊಗ್ರಾಲಿನ ಬದಿಯ ಮನೆಗಳಿಗೆ ಮುಖವಿಲ್ಲ,
ಜಗಲಿ ಹೋಗಿ ಮಲಗುವ ಕೋಣೆಯೇ ರಸ್ತೆಗೆ ಬಂದು ನಿಂತಿದೆ,
ಹಸಿರು ಗೋಡೆ, ಗೋಡೆಯಲ್ಲಿ ಕನ್ನಡಿ ಇದ್ದ ಗುರುತು.
ಜನ ಅಟ್ಟ ಇಳಿಸುತ್ತಿದ್ದಾರೆ.
ಅಟ್ಟ ಎಂದರೆ ಇಲ್ಲಿ ಗಲ್ಫು:
ಹುಲಿಚಿತ್ರದ ಕಂಬಳಿ, ಕ್ಯಾಸೆಟ್ಟು ನುಂಗಿ ಕಕ್ಕದ ವಿಸಿಆರು,
ಹಗ್ಗ ಬಿಗಿದ ರಟ್ಟಿನ ಮೇಲೆ ಇನ್ನೂ ಮಾಸದ ವಿಳಾಸ.

ನಬೀಸುಮ್ಮ ನೀಲಿ ಟರ್ಪಾಲು ಹಾಸಿ ಕೂತಿದ್ದರು.
ಬೇಕಾದ್ದು ಕೊಂಡೋಗಿ, ಕೊಡುವಷ್ಟು ಕೊಡಿ.
ಮೊದಲು ಕಂಡದ್ದು ತ್ವಾಹಾನಿಗೆ. ಕಂಡೂ ಕಾಣದವನಂತೆ
ಮಿಕ್ಸಿಯ ಮುಚ್ಚಳ ಎತ್ತಿ ನೋಡಿದ. ನಮ್ಮ ಸನ್ನೆ ಅದು.
ಅದರ ಬದಿಯಲ್ಲಿ, ಒಡೆದ ಹಲ್ಲಿಮೊಟ್ಟೆಗಳ ನಡುವೆ,
ಬೂದು ಮೈ, ಎರಡು ಬಾಲ, ತಲೆಯ ಮೇಲೆ ಬಾಯಿ.
ನನ್ನ ಎದೆ ಬಡಿದದ್ದು ಜೆಸಿಬಿಗೂ ಕೇಳಿರಬೇಕು.

ಇನ್ನೂರು ಎಂದೆ, ತಾತ್ಸಾರ ಬೆರೆಸಿ.
ಕೆಟ್ಟು ಹೋದದ್ದಲ್ವಾ ಉಮ್ಮ.

ಕೆಟ್ಟದ್ದೆಂದು ಯಾರು ಹೇಳಿದ್ದು?

ಡಬ್ಬಾ ಟೀವಿ ಹೊರಗೆ ಬಂತು. ಗಲ್ಫಿನ ಚೌಕ ಪಿನ್ನಿಗೆ
ನಮ್ಮ ಪ್ಲಗ್ಗು ಬಾಯಿ ಬಿಡದೆ, ಜೆರಾಲ್ಡ್ ಬೆಂಕಿಕಡ್ಡಿ ತುರುಕಿದ.
ಶಶಿಪ್ರಭಾ ಕ್ಯಾಸೆಟ್ಟಿನ ಹಲ್ಲುಗಳನ್ನು
ಗಾಯ ಒರೆಸುವ ಹಾಗೆ ಒರೆಸಿದಳು.
ಪರದೆ ಬೂದಿ. ಮತ್ತೊಮ್ಮೆ. ಬೂದಿ.
ಆ ಕಡೆ ಸರಿ ನೀನು ಎಂದು ನಬೀಸುಮ್ಮ
ಕ್ಯಾಸೆಟ್ಟು ಕಿತ್ತು ತುಟಿಗೆ ಹಿಡಿದು ಊದಿದರು,
ಹಸಿ ಸೌದೆ ಉರಿಸಿ ಗೊತ್ತಿದ್ದವರ ಉಸಿರು.

ಬಣ್ಣ ಬಂತು. ಇಟ್ಟಿಗೆಗಳು ಬಂದವು.
ಇಟ್ಟಿಗೆಯ ಗೂಡಿನಲ್ಲಿ ಒಂದು ಹದ್ದು,
ಅದನ್ನು ಒಡೆಯಲು ನಾಲ್ಕು ಕಡೆಯಿಂದ ಟ್ಯಾಂಕು.

ಮಕ್ಕಳು ಶಾಲೆಗೆ ಹೋದ ಮೇಲೆ ನಾನು, ನನ್ನ ನಾದಿನಿ.
ಮೀನು ಕೊಯ್ಯದೆ ಎಷ್ಟೋ ಮಧ್ಯಾಹ್ನ ಬರೀ ಉಪ್ಪಿನಕಾಯಿ.
ಅಡಾಪ್ಟರು ಯಾಕೆ ಬಿಸಿ ಎಂದು ಹುಡುಗರು ಕೇಳಿದರೆ
ಜಿನ್ನು ಎನ್ನುತ್ತಿದ್ದೆವು.

ಎರಡನೇ ಕಂಟ್ರೋಲರು ಶಶಿಪ್ರಭಾಳ ಕೈಗೆ.
ನೀನು ಹಸಿರು. ಹದ್ದಿನ ಹತ್ತಿರವೇ ಇರು, ಮುಂದೆ ಬರಬೇಡ.
ನಾದಿನಿ ಎಲ್ಲಿ ಎಂದು ನಾವು ಕೇಳಲಿಲ್ಲ.

ಹದಿನಾರನೇ ಸುತ್ತಿನವರೆಗೆ ಯಾರೂ ಮಾತಾಡಲಿಲ್ಲ.
ಹಿಂದೆ ಪಕ್ಕದ ಮನೆಯ ಕಾಂಪೌಂಡು ಬಿತ್ತು,
ಧೂಳು ನಮ್ಮ ತಲೆಯ ಮೇಲಿಂದ ಹಾದು ಹೋಯಿತು.
ಅವರು ತಿರುಗಲಿಲ್ಲ. ಮೈಯೆಲ್ಲ ಎಡಕ್ಕೆ ವಾಲಿಸಿ
ಎಡಕ್ಕೆ ಹೊಡೆದರು, ಬಲಕ್ಕೆ ವಾಲಿ ಬಲಕ್ಕೆ.
ಹದಿನೇಳರಲ್ಲಿ ಕರೆಂಟು ಹೋಯಿತು.
ಪರದೆ ಕುಗ್ಗಿ ಕುಗ್ಗಿ ಒಂದು ಬಿಳಿ ಚುಕ್ಕೆ.

ಐನೂರು, ಎಂದೆ. ಸಾವಿರ, ಎಂದ ತ್ವಾಹಾ.
ಜೆರಾಲ್ಡ್ ಹೇಳಿದ ಮೊತ್ತ ಇಲ್ಲಿ ಬರೆಯಲಾರೆ,
ಅವನ ಹೆಂಡತಿ ಓದುತ್ತಾಳೆ.
ನಬೀಸುಮ್ಮ ವಯರು ಸುತ್ತುತ್ತಿದ್ದರು,
ಮೊಣಕೈಯಿಂದ ಹೆಬ್ಬೆರಳಿಗೆ, ಹೆಬ್ಬೆರಳಿಂದ ಮೊಣಕೈಗೆ.
ಕರೆಂಟು ಬರಲಿ ಎಂದರು, ನಮಗಲ್ಲ, ಶಶಿಪ್ರಭಾಳಿಗೆ.
ಬರುವ ಭಾನುವಾರ ನೀನೊಬ್ಬಳೇ ಬಾ.

ಬರಿಗೈಯಲ್ಲಿ ಹೊರಡುವುದು ಹೇಗೆಂದು
ಇನ್ನೂರಕ್ಕೆ ಒಂದು ಟೋಸ್ಟರು ತಂದೆವು.
ಆರಿಕ್ಕಾಡಿ ಸೇತುವೆಯ ಮೇಲೆ, ಸುಮ್ಮನೆ,
ತ್ವಾಹಾ ಅದರ ಬಾಯಿಗೆ ಒಮ್ಮೆ ಊದಿದ.
ಮೂವತ್ತು ವರ್ಷದ ಬ್ರೆಡ್ಡಿನ ಹುಡಿ
ಅವನ ಮುಖಕ್ಕೇ.