ಎಳ್ಳಿನಷ್ಟು ಎಲುಬು

ಖಾನಾಪುರದ ಮೇದಾರ ಓಣಿಯಿಂದ ಮೊದಲ ಬಸ್ಸಿಗೆ
ಬೆಳಗಾವಿ ದವಾಖಾನೆಗೆ ಬಂದಿದ್ದಳು ಕೇತವ್ವ.
ಬಿದಿರ ಹೊರೆ ಜಾರಿ ಹೆಬ್ಬೆರಳ ಬುಡ ಊದಿತ್ತು.
"ಕೈ ಅಲ್ಲಾಡಸಬ್ಯಾಡ ಅವ್ವಾ" ಅಂದೆ.
ಹೇಳಬೇಕಿರಲಿಲ್ಲ.
ಅರವತ್ತು ವರ್ಷ ಸೀಳುಗತ್ತಿಯ ಎದುರು
ಅಲ್ಲಾಡದೆ ಕೂತ ಕೈ ಅದು.

ಫಿಲ್ಮನ್ನು ಬೆಳಕಿಗೆ ಸಿಕ್ಕಿಸಿದೆ. ಕೂದಲೆಳೆ ಬಿರುಕು, ಅಷ್ಟೇ.
ಅವಳ ಎಡಗೈ ಬೆರಳು ಬೇರೆಲ್ಲೋ ಹೋಗಿ ನಿಂತಿತು:
"ಇದೇನೋ ತಮ್ಮಾ, ಹೆಬ್ಬಟ್ಟಿನ ಮಗ್ಗಲಕ
ಎಳ್ಳು ಬಿದ್ದಂಗ ಕಾಣತೈತಿ?"

ಎಳ್ಳೇ ಅದು. ನಾವು ಕಲಿತ ಪುಸ್ತಕದಲ್ಲೂ
ಅದಕ್ಕೆ ಎಳ್ಳಿನದೇ ಹೆಸರು.
ಎಲ್ಲರ ಕೈಯಲ್ಲೂ ಇರುತ್ತದೆ, ಯಾರೂ ಕೇಳುವುದಿಲ್ಲ.
ಹೊರಗೆ ಸಾಲು ಬೆಳೆಯುತ್ತಿತ್ತು. ಆದರೂ ಹೇಳಿದೆ:

ಚೀನಾದ ಗುಡ್ಡದಾಗ ಒಂದು ಕರಡಿ ಐತಿ ಅವ್ವಾ,
ಪಾಂಡಾ ಅಂತ, ಕರೀದು ಬಿಳೀದು.
ಬಿದಿರೇ ಊಟ. ಆದರ ಕರಡಿಗೆ ನಮ್ಮಂಥ ಹೆಬ್ಬಟ್ಟಿಲ್ಲ,
ಐದೂ ಬೆರಳು ಒಂದೇ ದಿಕ್ಕಿಗೆ.
ಅದಕ್ಕ ಮಣಿಕಟ್ಟಿನ ಎಳ್ಳೊಂದು
ಲಕ್ಷಾಂತರ ವರ್ಷ ಬೆಳದೂ ಬೆಳದೂ
ಆರನೇ ಬೆರಳಿನ ಸೋಗು ಹಾಕಿತು.

"ಅದಕ್ಕ ಉಗುರ?"
ಇಲ್ಲ.
"ಬಾಗತೈತಿ?"
ಅಷ್ಟಾಗಿ ಇಲ್ಲ.
"ಹಂಗಾರ ಹಿಡಿಯಾಕ ನಡೀತೈತಿ,
ಹೆಣಿಯಾಕ ಆಗೂದಿಲ್ಲ" ಎಂದು ತೀರ್ಪು ಕೊಟ್ಟಳು.

ಹೊಟ್ಟೆ ಮಾಂಸ ತಿನ್ನುವ ಕುಲದ್ದು, ಅಡಿಗೆ ಬಿದಿರಿನದು.
ಅರ್ಧ ದಿನ ಜಗಿದು ಹೆಡಿಗೆಗಟ್ಟಲೆ ನುಂಗಿದರೂ
ಮೈಗೆ ಹತ್ತುವುದು ಐದರಲ್ಲಿ ಒಂದು ಪಾಲು.
ಕೇತವ್ವ ನಕ್ಕಳು, ಎಲೆಯಡಿಕೆಯ ಹಲ್ಲು ತೋರಿಸಿ:
"ನನ್ನ ಧಂದೆದ ಲೆಕ್ಕಾನ ಹೇಳಿದಿ ನೋಡು."

ಆಮೇಲೆ ತಾನಾಗಿಯೇ ಕೇಳಿದಳು:
"ಅಲ್ಲಿ ಬಿದಿರು ಹೂ ಬಿಡೂದಿಲ್ಲೇನು?"

ಬಿಡುತ್ತದೆ.
ಇಡೀ ಗುಡ್ಡ ಒಟ್ಟಿಗೆ ಹೂತು ಒಟ್ಟಿಗೆ ಸಾಯುತ್ತದೆ.

"ನಾ ಲಗ್ನಾಗಿ ಬಂದ ವರ್ಷ ಹೆಮ್ಮಡಗಾದ ಕಡೆ ಹಂಗ ಆತು.
ಬಿದಿರಕ್ಕಿ ಉದರಿದ್ವು, ಇಲಿ ಹೆಚ್ಚಾದ್ವು,
ಒಂದ ಬ್ಯಾಸಗಿಗೆ ಅಡವಿ ಎಲ್ಲಾ ಒಣಗಿ ಖಡಖಡ.
ನಾವು ದಾಂಡೇಲಿ ಕಡೆ ನಡದ್ವಿ,
ಎರಡು ಕತ್ತಿ, ಒಂದು ನಾಯಿ, ನನ್ನ ಹೊಟ್ಟ್ಯಾಗ ಕೂಸು."

ಅವೂ ನಡೀತಿದ್ದುವು ಅವ್ವಾ,
ಹೂ ಬಿಡದ ಇನ್ನೊಂದು ಗುಡ್ಡಕ್ಕ.
ಈಗ ನಡುವ ರಸ್ತೆ, ಹೊಲ, ಊರು.
ಗುಡ್ಡದಿಂದ ಗುಡ್ಡಕ್ಕ ಬಿದಿರು ನೆಟ್ಟು
ದಾರಿ ಮಾಡಿಕೊಡಾಕ ಹತ್ತ್ಯಾರ ಅಲ್ಲಿನ ಮಂದಿ.

"ಚಲೋ ಆತು."
ಸೆರಗಿನಿಂದ ಬಾಯಿ ಒರೆಸಿಕೊಂಡಳು.
"ನಮಗ ಅಡವಿ ಬಂದ್ ಆಗೇತಿ. ಗಾರ್ಡು ಚೀಟಿ ಕೇಳತಾನ.
ಕರಡಿಗೆ ಚೀಟಿ ಬೇಕಾಗೂದಿಲ್ಲಲಾ?"

ನಾನು ಫಿಲ್ಮಿನ ಮೂಲೆಗೆ ನಂಬರು ಬರೆಯುತ್ತ ಕೂತೆ.

"ಮರಿ ಎಟ್ಟ ಇರತೈತಿ?"
ತಾಯಿ ನೂರು ಕಿಲೋ, ಮರಿ ನೂರು ಗ್ರಾಂ,
ಮುಳಗಾಯಿಯಷ್ಟು, ತೊಗಲು ಗುಲಾಬಿ, ಕಣ್ಣಿಲ್ಲ.
ವರ್ಷಕ್ಕೆ ಎರಡು ಮೂರು ದಿನವಷ್ಟೇ
ಹೆಣ್ಣು ಗಂಡನ್ನು ಸೇರುವುದನ್ನು
ಹೇಳಲು ನಾಚಿ ಬಿಟ್ಟುಬಿಟ್ಟೆ.
ಅವಳಿ ಹುಟ್ಟಿದರೆ ಒಂದನ್ನೇ ಎತ್ತಿಕೊಳ್ಳುತ್ತದೆ ಎಂದೆ,
ಇನ್ನೊಂದನ್ನು ನೆಲದಲ್ಲೇ ಬಿಡುತ್ತದೆ ಎಂದೆ.

ಎಡಗೈ ಮಡಿಲಿಗೆ ಇಳಿಯಿತು.

ಅವಸರದಲ್ಲಿ ಮುಂದುವರಿದೆ: ಈಗ ಕಾಯೂ ಮಂದಿ ಅದಾರ,
ಬಿಟ್ಟದ್ದನ್ನ ಬೆಚ್ಚಗ ಪೆಟ್ಟಿಗ್ಯಾಗ ಇಟ್ಟು
ಸರತಿ ಮ್ಯಾಲೆ ಅದಲುಬದಲು ಮಾಡತಾರ,
ಎರಡಕ್ಕೂ ತಾಯಿ ಹಾಲು. ತಾಯಿಗೆ ಗೊತ್ತ ಆಗೂದಿಲ್ಲ.

"ಗೊತ್ತಾಗತೈತಿ" ಅಂದಳು ಕೇತವ್ವ.
"ಸುಮ್ಮ ಇರತೈತಿ."

ಫ್ಯಾನು ತಿರುಗುತ್ತಿತ್ತು. ಬಾಗಿಲಲ್ಲಿ ಯಾರೋ ಕೆಮ್ಮಿದರು.

"ಪೆಟ್ಟಿಗಿ ಯಾತರದು?"
ಪ್ಲಾಸ್ಟಿಕ್ ಇದ್ದೀತು.
ಮೇಜಿನ ಅಂಚಿಗೆ ಎಡಗೈ ಹಚ್ಚಿ ಅಳೆದಳು,
ಒಂದು ಗೇಣು, ಮ್ಯಾಲೆ ನಾಕು ಬೆರಳು.
ಅಂಚು ಬಾಗಿಸಲು ಬಲಗೈಯೂ ಎದ್ದಿತು,
ನೋವಿಗೆ ಅರ್ಧಕ್ಕೇ ನಿಂತಿತು.
"ಎರಡು ಬೇಕಾಗತಾವ ತಮ್ಮಾ. ಹೋಗೂದಕ್ಕ ಒಂದು,
ಬರೂದಕ್ಕ ಒಂದು."

ಟ್ರ್ಯಾಕ್ಟರ್ ಬಿದ್ದ ಹುಡುಗನನ್ನು ಒಳಗೆ ತಂದರು.
ಫಿಲ್ಮು ಮಡಚಬ್ಯಾಡ ಅವ್ವಾ ಎಂದು ಕೂಗಿದೆ.
ಅಷ್ಟರಲ್ಲಾಗಲೇ ಅದನ್ನು ಚಾಪೆಯಂತೆ ಸುರುಳಿ ಸುತ್ತಿ
ಕಂಕುಳಲ್ಲಿಟ್ಟು, ಬಸ್‌ಸ್ಟ್ಯಾಂಡಿನ ದಾರಿ
ಯಾರನ್ನೋ ಕೇಳುತ್ತಿದ್ದಳು.